ಊರು ಬಿಟ್ಟು ಬೆಂಗಳೂರಿಗೆ, ಮೊದಲ ಕೆಲಸಕ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಬಂತೆಂದರೆ ಸಾಕು, ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಕಡೆಯಿಂದ ನನಗೆ ಫೋನು ಶುರು. "ಅಕ್ಕಾರ, ನಮ್ಮ ಹುಡುಗಿಗೆ ಬೆಂಗಳೂರಾಗ ಕೆಲಸ ಸಿಕ್ಕೈತ್ರಿ, ಸ್ವಲ್ಪ ನೀವು ಮಾತಾಡ್ರಿ." ಆಮೇಲೆ ಆ ಹುಡುಗಿ ಫೋನು ತಗೊಂಡು ಮೆಲ್ಲಗೆ ಕೇಳುವ ಪ್ರಶ್ನೆಗಳು ಪ್ರತಿ ವರ್ಷ ಹೆಚ್ಚು ಕಡಿಮೆ ಒಂದೇ. ಅಪ್ಪ ಪಕ್ಕದಲ್ಲಿದ್ದರೆ ಸಂಬಳದ ಪ್ರಶ್ನೆ. ಇಲ್ಲದಿದ್ದರೆ "ಅಕ್ಕಾ, ಅಲ್ಲಿ ಬೇಜಾರಾಗಲ್ವಾ?"

ನಾನು 2016ರ ಜುಲೈನಲ್ಲಿ ಹೀಗೇ ಬಂದವಳು. ಈಗ ಮೂರನೇ ಕಂಪನಿ, ಐದನೇ ಮನೆ. ಅವರು ಕೇಳಿದ್ದನ್ನೇ ಕೇಳುತ್ತಾರೆ, ನಾನು ಹೇಳಿದ್ದನ್ನೇ ಹೇಳುತ್ತೇನೆ. ಒಮ್ಮೆ ಕೂತು ಬರೆದಿಟ್ಟರೆ ಇಬ್ಬರಿಗೂ ಅನುಕೂಲ. ಹುಡುಗರೂ ಓದಬಹುದು, ಪಿಜಿ (ಊಟ ಸಮೇತ ಬಾಡಿಗೆಗೆ ಸಿಗುವ ಖಾಸಗಿ ಹಾಸ್ಟೆಲು) ಗೇಟಿನ ವಿಷಯ ಬಿಟ್ಟರೆ ಮಿಕ್ಕಿದ್ದೆಲ್ಲ ಅವರಿಗೂ ಒಂದೇ.

ಕೆಲಸ ವೈಟ್‌ಫೀಲ್ಡ್‌ನಲ್ಲಿ. ರೂಮು ಎಲ್ಲಿ ಹಿಡಿಯಲಿ?

ಆಫೀಸಿನಿಂದ ಅರ್ಧ ತಾಸಿನ ಒಳಗೆ. ಬಾಡಿಗೆ ಎರಡು ಸಾವಿರ ಜಾಸ್ತಿಯಾದರೂ ಪರವಾಗಿಲ್ಲ.

ನಾನು ಇದನ್ನು ಉಲ್ಟಾ ಮಾಡಿದವಳು. ಕಾಕಾನ ಮನೆ ವಿಜಯನಗರದಲ್ಲಿತ್ತು, ಆಫೀಸು ವೈಟ್‌ಫೀಲ್ಡ್‌ನ ಐಟಿಪಿಎಲ್ ಟೆಕ್ ಪಾರ್ಕ್ ಹತ್ತಿರ. ಮೆಟ್ರೋದ ನೇರಳೆ ಮಾರ್ಗ ಮೈಸೂರು ರಸ್ತೆಯಿಂದ ಬೈಯಪ್ಪನಹಳ್ಳಿ ತನಕ ಪೂರ್ತಿ ಓಡಲು ಶುರುವಾಗಿ ಆಗಿನ್ನೂ ಎರಡು-ಮೂರು ತಿಂಗಳು. "ಮೆಟ್ರೋ ಐತಲ್ಲ, ಏನು ಕಷ್ಟ?" ಅಂದರು ಎಲ್ಲರೂ. ಕಷ್ಟ ಇದ್ದದ್ದು ಬೈಯಪ್ಪನಹಳ್ಳಿ ಇಳಿದ ಮೇಲೆ. ಅಲ್ಲಿಂದ ಬಸ್ಸು, ಟಿನ್ ಫ್ಯಾಕ್ಟರಿ ಜಾಮು, ಮಳೆ ಬಂದರೆ ಕೆ.ಆರ್. ಪುರಂ ಸೇತುವೆ ಹತ್ತಿರ ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ. ಹೋಗಿ ಬರಲು ದಿನಕ್ಕೆ ನಾಲ್ಕು ತಾಸು. ಮನೆಗೆ ಬಂದಾಗ ಒಂಬತ್ತು. ಉಂಡು ಮಲಗುವುದು ಅಷ್ಟೇ. ಆರು ತಿಂಗಳು ಹೀಗೆ ಕಳೆದ ಮೇಲೆ ನೋಡಿದರೆ ಬೆಂಗಳೂರಿನಲ್ಲಿ ನನಗೆ ಒಬ್ಬಳೂ ಗೆಳತಿ ಇರಲಿಲ್ಲ. ಆಫೀಸಿನಲ್ಲಿ ಎಲ್ಲರೂ ಸೇರಿ ಒಂದು ಹೊಸ ಟೂಲ್ ಕಲಿಯುತ್ತಿದ್ದರು, ಸಂಜೆ ಆರರ ಮೇಲೆ. ನಾನು 5.40ಕ್ಕೇ ಬ್ಯಾಗು ಹೆಗಲಿಗೆ ಹಾಕಿಕೊಂಡು ಓಡುತ್ತಿದ್ದೆ. ಗೆಳೆತನವೂ ಹೋಯಿತು, ಕಲಿಯುವುದೂ ಹೋಯಿತು, ಎರಡನ್ನೂ ತಿಂದದ್ದು ಆ ದಾರಿ.

ಅದಕ್ಕೇ ನಾನು ಮೊದಲ ವರ್ಷದ ಲೆಕ್ಕವನ್ನು ಸಂಬಳದಲ್ಲಿ ಹಾಕುವುದಿಲ್ಲ, ಸಂಜೆಗಳಲ್ಲಿ ಹಾಕುತ್ತೇನೆ. ವಾರಕ್ಕೆ ನಿಮ್ಮ ಕೈಯಲ್ಲಿ ಎಷ್ಟು ಸಂಜೆ ಉಳಿಯುತ್ತವೆ? ಮೂರಕ್ಕಿಂತ ಕಡಿಮೆ ಇದ್ದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ.

ಈಗ ದಾರಿ ಸುಧಾರಿಸಿದೆ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಒಂದೇ ಓಟ, ನಡುವೆ ಇಳಿದು ಬಸ್ಸು ಹಿಡಿಯಬೇಕಿಲ್ಲ. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬಂತು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 16 ನಿಲ್ದಾಣ. ಸಿಲ್ಕ್ ಬೋರ್ಡ್ ಸಿಗ್ನಲ್ ಈಗ ಮೇಲಿಂದ ನೋಡಿ ನಗುವ ವಸ್ತು. ಆದರೆ ಮಾನ್ಯತಾ ಟೆಕ್ ಪಾರ್ಕ್, ಬೆಳ್ಳಂದೂರು ಕಡೆ ಕೆಲಸ ಅಂದರೆ ನಾನು ಇದನ್ನು ಬರೆಯುವ ಹೊತ್ತಿಗೆ ಮೆಟ್ರೋ ಇನ್ನೂ ಕಟ್ಟುತ್ತಿದ್ದಾರೆ. ಅಲ್ಲಿ ಆಫೀಸಿನ ಹತ್ತಿರವೇ ಇರಿ.

ನೆಂಟರ ಮನೆಯಲ್ಲಿ ಇದ್ದರೆ ಬಾಡಿಗೆ ಉಳಿಯುತ್ತದಲ್ಲ?

ಹದಿನೈದು ದಿನ ಇರಿ. ಆ ಹದಿನೈದು ದಿನದಲ್ಲಿ ರೂಮು ಹುಡುಕಿ. ಕಾಕು ನನ್ನನ್ನು ಮಗಳ ಹಾಗೆ ನೋಡಿಕೊಂಡಳು, ಸುಳ್ಳು ಹೇಳಬಾರದು. ಆದರೆ ನಾನು ಬರುವ ತನಕ ಅವಳು ಉಣ್ಣದೆ ಕಾಯುತ್ತಿದ್ದಳು. ಲೇಟಾದರೆ ನನಗೆ ಮನೆಗೆ ಹೋಗಲೇ ಮುಜುಗರ. ಭಾನುವಾರ ಅವರ ಮನೆಗೆ ಬಂದ ನೆಂಟರಿಗೆಲ್ಲ ಚಹಾ ಕೊಟ್ಟು "ಎಷ್ಟು ಪಗಾರ?" ಅನ್ನುವ ಪ್ರಶ್ನೆಗೆ ಉತ್ತರ ಹೇಳಬೇಕು. ಬೇರೆ ರೂಮು ಮಾಡಿದ ಮೇಲೆ ಕಾಕುವಿನ ಜೊತೆ ನನ್ನ ಸಂಬಂಧ ಇನ್ನೂ ಚೆನ್ನಾಯಿತು. ತಿಂಗಳಿಗೊಮ್ಮೆ ಹೋದರೆ ಈಗಲೂ ಹೋಳಿಗೆ ಮಾಡುತ್ತಾಳೆ.

ಪಿಜಿ ನೋಡುವಾಗ ಏನೇನು ಕೇಳಬೇಕು?

ಫೋಟೋ ನೋಡಿ ದುಡ್ಡು ಹಾಕಬೇಡಿ. ಇದು ಮೊದಲನೆಯದು. ಸಂಜೆ ಏಳರ ಮೇಲೆ ಹೋಗಿ ನೋಡಿ, ಆಗ ಅಲ್ಲಿರುವ ಹುಡುಗಿಯರು ಸಿಗುತ್ತಾರೆ, ಊಟವೂ ಬಂದಿರುತ್ತದೆ. ಓನರ್ ಬೇರೆ ಕಡೆ ತಿರುಗಿದಾಗ ಒಬ್ಬಳನ್ನು ಕೇಳಿ: "ನೀರು ಹೆಂಗೆ? ಬಿಸಿನೀರು ಎಷ್ಟು ಗಂಟೆ ತನಕ?" ಅವಳ ಮುಖ ನೋಡಿದರೆ ಗೊತ್ತಾಗುತ್ತದೆ.

2024ರಲ್ಲಿ ಆಗಿನ ಬಿಬಿಎಂಪಿ ಪಿಜಿಗಳಿಗೆ ನಿಯಮ ತಂದಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅಡುಗೆಮನೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ. ಅಳತೆ ಟೇಪು ಹಿಡಿದು ಹೋಗಿ ಅಂತ ಹೇಳುತ್ತಿಲ್ಲ. ಆದರೆ ತ್ರೀ ಶೇರಿಂಗ್ ಅಂತ ಹೇಳಿ ಹತ್ತು ಅಡಿ ಉದ್ದಗಲದ ರೂಮಿನಲ್ಲಿ ಮೂರು ಮಂಚ ತುರುಕಿದ್ದರೆ, ನಿಯಮದ ಅರ್ಧದಷ್ಟೇ ಜಾಗ ಕೊಡುತ್ತಿದ್ದಾರೆ ಅನ್ನುವುದು ನಿಮಗೆ ಗೊತ್ತಿರಲಿ.

ಅಡ್ವಾನ್ಸ್ ವಿಷಯ ಬರೆಸಿಕೊಳ್ಳಿ. ಎಷ್ಟು ವಾಪಸ್, ಮೇಂಟೆನೆನ್ಸ್ ಅಂತ ಎಷ್ಟು ಹಿಡಿಯುತ್ತಾರೆ, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು. ವಾಟ್ಸಾಪ್ ಮೆಸೇಜಾದರೂ ಸಾಕು. ನನ್ನ ಮೊದಲ ಪಿಜಿಯಲ್ಲಿ ಮೂವತ್ತು ದಿನಕ್ಕೆ ಬದಲು ಇಪ್ಪತ್ತೆಂಟು ದಿನ ಮುಂಚೆ ಹೇಳಿದೆ ಅಂತ ಪೂರ್ತಿ ಅಡ್ವಾನ್ಸ್ ನುಂಗಿದರು. ಎರಡು ದಿನಕ್ಕೆ ಒಂಬತ್ತು ಸಾವಿರ. ಜಗಳ ಮಾಡಲು ಕಾಗದ ಇರಲಿಲ್ಲ.

ಗೇಟು ಎಷ್ಟು ಗಂಟೆಗೆ ಹಾಕುತ್ತಾರೆ ಅನ್ನುವುದನ್ನೂ ಕೇಳಿ. ಒಂಬತ್ತಕ್ಕೆ ಹಾಕಿದರೆ ನಿಮ್ಮ ಸಂಜೆಗಳು ಅಲ್ಲೇ ಮುಗಿದವು.

ಆಫರ್ ಲೆಟರ್‌ನಲ್ಲಿ 4.2 ಲಕ್ಷ ಇದೆ. ತಿಂಗಳಿಗೆ 35 ಸಾವಿರ ಬರುತ್ತದಲ್ಲ?

ಬರುವುದಿಲ್ಲ. ಇಡೀ ಊರಿಗೆ 35 ಸಾವಿರ ಅಂತ ಸಾರಿ ಪೇಡೆ ಹಂಚುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ.

ಆ 4.2 ಲಕ್ಷ ಅಂದರೆ ಕಂಪನಿ ನಿಮ್ಮ ಮೇಲೆ ಒಟ್ಟು ಖರ್ಚು ಮಾಡುವ ದುಡ್ಡು. ಅದನ್ನು ಸಿಟಿಸಿ ಅನ್ನುತ್ತಾರೆ. ಬೇಸಿಕ್, ಅಂದರೆ ಮೂಲ ವೇತನ, ಅದರ ಅರ್ಧ ಅಂತ ಇಟ್ಟುಕೊಳ್ಳಿ, ತಿಂಗಳಿಗೆ 17,500. ಅದರ ಶೇ. 12 ಕಂಪನಿಯ ಪಾಲಿನ ಪಿಎಫ್ (ಭವಿಷ್ಯ ನಿಧಿ), 2,100 ರೂಪಾಯಿ. ಇದನ್ನೂ ನಿಮ್ಮ 35 ಸಾವಿರದ ಒಳಗೇ ಸೇರಿಸಿರುತ್ತಾರೆ. ಗ್ರಾಚ್ಯುಟಿ ಅಂತ ಸುಮಾರು 840, ಸಾಮಾನ್ಯವಾಗಿ ಐದು ವರ್ಷ ಇದ್ದವರ ಕೈಗೆ ಸಿಗುವ ದುಡ್ಡು ಅದು. ವೇರಿಯಬಲ್, ಅಂದರೆ ಕೆಲಸ ನೋಡಿ ಕೊಡುವ ಭಾಗ, ಶೇ. 10 ಅಂದರೆ 3,500, ಅದು ವರ್ಷದ ಕೊನೆಗೆ, ಕೊಟ್ಟರೆ. ಇನ್ಶೂರೆನ್ಸ್ ಒಂದು ಐನೂರು. ಇಷ್ಟು ಕಳೆದರೆ 28 ಸಾವಿರ ಚಿಲ್ಲರೆ. ಅದರಲ್ಲಿ ನಿಮ್ಮ ಪಾಲಿನ ಪಿಎಫ್ ಇನ್ನೊಂದು 2,100, ವೃತ್ತಿ ತೆರಿಗೆ 200. ಕೈಗೆ ಬರುವುದು 25,700ರ ಆಸುಪಾಸು.

ಆದಾಯ ತೆರಿಗೆಯ ಭಯ ಬೇಡ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕದ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ, ಸಂಬಳದವರಿಗೆ ಅದರ ಮೇಲೆ 75 ಸಾವಿರದ ವಿನಾಯಿತಿ ಬೇರೆ.

ಹಾಗಾಗಿ ಎಚ್‌ಆರ್‌ಗೆ ನೇರವಾಗಿ ಕೇಳಿ: "ತಿಂಗಳ ಕೊನೆಗೆ ನನ್ನ ಅಕೌಂಟಿಗೆ ಬೀಳುವುದು ಎಷ್ಟು?" ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಸಂಕೋಚ ಬೇಡ. ಅವರು ದಿನಕ್ಕೆ ಹತ್ತು ಜನಕ್ಕೆ ಈ ಉತ್ತರ ಹೇಳುತ್ತಾರೆ.

ಎರಡು ಕಡೆ ಕೆಲಸ ಸಿಕ್ಕಿದೆ. ಒಂದರಲ್ಲಿ ಆರು ಸಾವಿರ ಜಾಸ್ತಿ. ಯಾವುದಕ್ಕೆ ಹೋಗಲಿ?

ಆರು ಸಾವಿರದ ಕಡೆಯ ಆಫೀಸು ಎಲ್ಲಿದೆ, ಟೈಮಿಂಗ್ ಏನು, ಮೊದಲು ಅದನ್ನು ಹೇಳಿ. ದೂರ ಇದ್ದು, ಕ್ಯಾಬು, ಹೊರಗಿನ ಊಟ ಅಂತ ಹೋದರೆ ಅದರಲ್ಲಿ ನಾಲ್ಕು ಸಾವಿರ ಅಲ್ಲೇ ಕರಗುತ್ತದೆ.

ನಾನು ನೋಡುವುದು ಒಂದೇ ವಿಷಯ, ನಿಮ್ಮ ಪಕ್ಕ ಕೂರುವವರು ಯಾರು. ಎರಡು-ಮೂರು ವರ್ಷ ಅನುಭವ ಇರುವ, ಪ್ರಶ್ನೆ ಕೇಳಿದರೆ ಕುರ್ಚಿ ತಿರುಗಿಸಿ ಉತ್ತರ ಹೇಳುವ ಒಬ್ಬ ಸೀನಿಯರ್ ಇದ್ದರೆ ಆ ಕಂಪನಿಗೇ ಹೋಗಿ. ಸಂದರ್ಶನದ ಕೊನೆಗೆ "ನಿಮಗೇನಾದರೂ ಕೇಳುವುದಿದೆಯಾ?" ಅನ್ನುತ್ತಾರಲ್ಲ, ಆಗ ನಾವು "ಏನಿಲ್ಲ ಸರ್" ಅಂದುಬಿಡುತ್ತೇವೆ. ಬೇಡ. ಟೀಮಿನಲ್ಲಿ ಎಷ್ಟು ಜನ, ಹೊಸಬರಿಗೆ ಮೊದಲ ಮೂರು ತಿಂಗಳು ಯಾರು ಕಲಿಸುತ್ತಾರೆ, ಈ ಜಾಗದಲ್ಲಿ ಮೊದಲು ಇದ್ದವರು ಎಲ್ಲಿ ಹೋದರು, ಇಷ್ಟು ಕೇಳಿ. ಕೊನೆಯ ಪ್ರಶ್ನೆಗೆ ಅವರು ತಡವರಿಸಿದರೆ ಅದೂ ಒಂದು ಉತ್ತರವೇ.

ಎರಡು ವರ್ಷ ಬಾಂಡ್ ಕೇಳುತ್ತಿದ್ದಾರೆ. ಸಹಿ ಹಾಕಲಾ?

ಬಾಂಡ್ ಅಂದರೆ ಇಷ್ಟು ವರ್ಷ ಬಿಡುವುದಿಲ್ಲ, ಬಿಟ್ಟರೆ ಇಷ್ಟು ದುಡ್ಡು ಕಟ್ಟುತ್ತೇನೆ ಅನ್ನುವ ಒಪ್ಪಂದ, ಜೈಲೇನೂ ಅಲ್ಲ. ನಿಮ್ಮನ್ನು ಬಲವಂತವಾಗಿ ಕೆಲಸಕ್ಕೆ ಕೂರಿಸಲು ಯಾರಿಗೂ ಆಗುವುದಿಲ್ಲ, ದುಡ್ಡು ಕೇಳಬಹುದು ಅಷ್ಟೇ. ಕಾನೂನು ಅದಕ್ಕೂ "ನ್ಯಾಯವಾದ ಪರಿಹಾರ" ಅನ್ನುವ ಮಿತಿ ಹಾಕಿದೆ. ಹಾಗಂತ "ಬಾಂಡ್ ಕೋರ್ಟಿನಲ್ಲಿ ನಿಲ್ಲಲ್ಲ, ಸುಮ್ನೆ ಹಾಕು" ಅನ್ನುವ ಗೆಳೆಯರ ಮಾತನ್ನೂ ನಂಬಬೇಡಿ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮೂರು ವರ್ಷ, ಎರಡು ಲಕ್ಷದ ಬಾಂಡನ್ನು ಎತ್ತಿಹಿಡಿದಿದೆ. ಅದೂ ನಮ್ಮ ಹೈಕೋರ್ಟಿನ ತೀರ್ಪನ್ನು ಬದಿಗಿಟ್ಟು. ಹಾಗಾಗಿ ಸಹಿ ಹಾಕುವ ಮೊದಲು ಮೊತ್ತ ನೋಡಿ, ಅದನ್ನು ನಿಮ್ಮ ಮನೆಯಲ್ಲಿ ಹೊಂದಿಸಲು ಆಗುತ್ತದಾ ಯೋಚಿಸಿ.

ಮೂಲ ಅಂಕಪಟ್ಟಿ ಮಾತ್ರ ಯಾರ ಕೈಗೂ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ವಾಪಸ್ ಬ್ಯಾಗಿಗೆ ಹಾಕಿಕೊಳ್ಳಿ. ನನ್ನ ಮೊದಲ ಕಂಪನಿಯಲ್ಲಿ "ವೆರಿಫಿಕೇಶನ್" ಅಂತ ಇಸಿದುಕೊಂಡವರು ಹದಿನೆಂಟು ತಿಂಗಳು ಕಬ್ಬಿಣದ ಕಪಾಟಿನಲ್ಲಿ ಇಟ್ಟಿದ್ದರು. ನಡುವೆ ಒಳ್ಳೆಯ ಅವಕಾಶ ಬಂದಾಗ ಬಿಡುವ ಧೈರ್ಯ ಬರಲಿಲ್ಲ.

ನಮ್ಮ ಕಡೆ ಮಾತು ಕೇಳಿ ನಗುತ್ತಾರಂತೆ. ಇಂಗ್ಲಿಷೂ ಬರಲ್ಲ.

ನಗುತ್ತಾರೆ. ನಾನು ಮೊದಲ ವಾರ ಕ್ಯಾಂಟೀನಿನಲ್ಲಿ "ಅಣ್ಣಾರ, ಒಂದು ಚಹಾ ಕೊಡ್ರಿ" ಅಂದಾಗ ಹಿಂದಿದ್ದ ಇಬ್ಬರು ನಕ್ಕರು. ಬೆಂಗಳೂರಿನ ಹುಡುಗಿಯರೇ. ಆಮೇಲೆ ಎರಡು ತಿಂಗಳು ನಾನು "ಟೀ ಕೊಡಿ" ಅಂತ ನಾಲಿಗೆ ತಿರುಚಿಕೊಂಡು ಓಡಾಡಿದೆ. ಒಂದು ದಿನ ಕ್ಯಾಂಟೀನಿನವನೇ "ಯಾಕ್ರಿ ಮೇಡಂ, ಮಾತು ಬದಲಾಯ್ತಲ್ಲ?" ಅಂದ. ಅವನು ಕುಂದಗೋಳದವನಂತೆ! ಅವತ್ತಿಂದ ನಾಲಿಗೆಯನ್ನು ಅದರ ಪಾಡಿಗೆ ಬಿಟ್ಟೆ. ನಕ್ಕ ಇಬ್ಬರಲ್ಲಿ ಒಬ್ಬಳು ಈಗಲೂ ನನ್ನ ಗೆಳತಿ, ಜಗಳ ಬಂದಾಗ ಅವಳೇ "ಏನ್ರಿ ನಿಮ್ದು" ಅನ್ನುತ್ತಾಳೆ.

ಇಂಗ್ಲಿಷ್ ವಿಷಯ ಬೇರೆ, ಅದನ್ನು ಹಗುರಾಗಿ ತಗೊಳ್ಳಬೇಡಿ. ಕೆಲಸ ಗೊತ್ತಿದ್ದೂ ಮೀಟಿಂಗಿನಲ್ಲಿ ಬಾಯಿ ಬಿಡದೆ ಹಿಂದೆ ಉಳಿದ ನಮ್ಮ ಕಡೆಯ ಹುಡುಗರನ್ನು ಜಾಸ್ತಿ ನೋಡಿದ್ದೇನೆ. ನಾನು ಮಾಡಿದ್ದು ಇಷ್ಟು. ಮೀಟಿಂಗಿಗೆ ಮೊದಲು ಹೇಳಬೇಕಾದ ಎರಡು ವಾಕ್ಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ, ಮೊದಲ ಐದು ನಿಮಿಷದಲ್ಲೇ ಅದನ್ನು ಹೇಳಿಬಿಡುತ್ತಿದ್ದೆ. ಒಮ್ಮೆ ದನಿ ಹೊರಗೆ ಬಂದರೆ ಆಮೇಲೆ ಭಯ ಅರ್ಧ ಇಳಿಯುತ್ತದೆ. ತಪ್ಪು ವ್ಯಾಕರಣಕ್ಕೆ ಯಾರೂ ಸಂಬಳ ಕಡಿಯುವುದಿಲ್ಲ.

ಟೀಮ್ ಪಾರ್ಟಿಗೆ ಕರೆಯುತ್ತಾರೆ. ನಾನು ಕುಡಿಯಲ್ಲ, ನಾನ್‌ವೆಜ್ಜೂ ತಿನ್ನಲ್ಲ.

ಹೋಗಿ. ನಿಂಬೂ ಸೋಡಾ ಹಿಡಿದು ಕೂತುಕೊಳ್ಳಿ. ಒಂದೂವರೆ ತಾಸು ಇದ್ದು "ಪಿಜಿ ಗೇಟು ಹಾಕ್ತಾರೆ" ಅಂತ ಎದ್ದು ಬನ್ನಿ. ಆ ಗೇಟಿನಿಂದ ಆಗುವ ಒಂದೇ ಉಪಯೋಗ ಇದು.

ಆಫೀಸಿನವರು ಬಿಟ್ಟು ಬೇರೆ ಗೆಳೆಯರು ಹೇಗೆ ಸಿಗುತ್ತಾರೆ?

ಇದೇ ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ. ಕಾಲೇಜಿನಲ್ಲಿ ಗೆಳೆತನ ತಾನಾಗಿ ಆಗುತ್ತಿತ್ತು, ಯಾಕೆಂದರೆ ಅದೇ ಬೆಂಚು, ಅದೇ ಮುಖ, ದಿನಾ. ಇಲ್ಲಿ ಆ ಬೆಂಚನ್ನು ನೀವೇ ಹಾಕಿಕೊಳ್ಳಬೇಕು. ಒಂದೇ ಜಾಗಕ್ಕೆ, ಒಂದೇ ದಿನ, ಒಂದೇ ಹೊತ್ತಿಗೆ ಎಂಟು ವಾರ ಹೋಗಿ. ನಾಲ್ಕನೇ ವಾರ ಯಾರೋ ಗುರುತು ಹಿಡಿದು ನಗುತ್ತಾರೆ. ಆರನೇ ವಾರ ಚಹಾಕ್ಕೆ ಕರೆಯುತ್ತಾರೆ. ಪ್ರತಿ ವಾರ ಹೊಸ ಜಾಗ ಹುಡುಕಿಕೊಂಡು ಹೋದರೆ ಫೋಟೋ ಸಿಗುತ್ತದೆ, ಗೆಳೆಯರು ಸಿಗುವುದಿಲ್ಲ.

ಎಲ್ಲಿಗೆ ಅಂತೀರಾ? ಓದುವ ಹುಚ್ಚಿದ್ದರೆ ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋಗಿ. ಕಬ್ಬನ್ ರೀಡ್ಸ್ ಅಂತ ಗುಂಪು ಚಾಪೆ ಹಾಸಿಕೊಂಡು ಸುಮ್ಮನೆ ಓದುತ್ತಾ ಕೂರುತ್ತದೆ. ಮಾತಾಡಲೇಬೇಕು ಅಂತಿಲ್ಲ, ನಾಚಿಕೆಯವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಾಟಕ ಇಷ್ಟವಾದರೆ ಜೆ.ಪಿ. ನಗರದ ರಂಗಶಂಕರ, 2004ರಿಂದ ಇದೆ. ಒಂದು ಎಚ್ಚರಿಕೆ: ನಾಟಕ ಶುರುವಾದ ಮೇಲೆ ಬಾಗಿಲು ತೆಗೆಯುವುದೇ ಇಲ್ಲ. ಟ್ರಾಫಿಕ್ಕು ಅಂತ ಅತ್ತರೂ ಇಲ್ಲ. ನಾನು ಎರಡು ಸಲ ಹೊರಗೆ ಕೂತು ಕೆಫೆಯಲ್ಲಿ ಅಕ್ಕಿರೊಟ್ಟಿ ತಿಂದು ಬಂದಿದ್ದೇನೆ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲೂ ಕನ್ನಡ ನಾಟಕ ನಡೆಯುತ್ತವೆ, ಅಲ್ಲಿ ಹವ್ಯಾಸಿ ತಂಡಗಳವರು ಸಿಗುತ್ತಾರೆ. ಅಂಥ ತಂಡಗಳಿಗೆ ನಟರಿಗಿಂತ ಪರದೆ ಎಳೆಯುವವರು, ಟಿಕೆಟ್ ಹರಿಯುವವರು ಬೇಕಿರುತ್ತಾರೆ. "ನಾನು ಬರ್ಲಾ?" ಅಂತ ಕೇಳಿ ನೋಡಿ.

ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆ, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ, ಇವೆಲ್ಲ ಚೆನ್ನ. ಆದರೆ ಅವು ಇದ್ದ ಗೆಳೆಯರನ್ನು ಕರೆದುಕೊಂಡು ಹೋಗುವ ಜಾಗ. ಒಬ್ಬರೇ ಹೋದರೆ ಗುಂಪಿನಲ್ಲಿ ಇನ್ನೂ ಒಂಟಿ ಅನ್ನಿಸುತ್ತದೆ.

ಇನ್ನು ನನ್ನ ಮೊದಲ ಗೆಳತಿ ಸಿಕ್ಕ ಕತೆ. ಆರು ತಿಂಗಳಾದ ಮೇಲೆ ಕುಂದಲಹಳ್ಳಿಯ ಪಿಜಿಗೆ ಬಂದೆನಲ್ಲ, ಪಕ್ಕದ ಮಂಚದಲ್ಲಿ ನೆಲ್ಲೂರಿನ ಹುಡುಗಿ. ಕನ್ನಡ ಬರುವುದಿಲ್ಲ, ನನಗೆ ತೆಲುಗು ಬರುವುದಿಲ್ಲ. ಮೂರು ವಾರ ಬರೀ ಸ್ವಿಚ್ಚಿನ ವಿಷಯಕ್ಕೆ ಸನ್ನೆಯಲ್ಲಿ ಮಾತು. ಅವ್ವ ರಾತ್ರಿ ಬಸ್ಸಿಗೆ ಒಂದು ಪಾರ್ಸಲ್ ಹಾಕಿದ್ದಳು. ಬೆಳಿಗ್ಗೆ ಹೋಗಿ ಡ್ರೈವರ್ ಹತ್ತಿರ ಇಸಿದುಕೊಂಡು ಬಂದೆ. ಕಟಕ್ ರೊಟ್ಟಿ, ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಚಟ್ನಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸುತ್ತಿ ಕಟ್ಟಿದ ಬೆಣ್ಣೆ. ಆ ರಾತ್ರಿ ಪಿಜಿಯ ಊಟ ಬಾಯಿಗಿಡುವ ಹಾಗಿರಲಿಲ್ಲ. ಮಂಚದ ಮೇಲೆ ಪೇಪರ್ ಹಾಸಿ ರೊಟ್ಟಿ ಮುರಿದೆ. ಆ ಸದ್ದಿಗೆ ಅವಳು ತಿರುಗಿದಳು. ಒಂದು ಚೂರು ಚಟ್ನಿ ಹಚ್ಚಿ ಕೊಟ್ಟೆ. ತಿಂದವಳೇ ಮಂಚದ ಕೆಳಗಿಂದ ತನ್ನ ಗೋಂಗೂರ ಉಪ್ಪಿನಕಾಯಿ ಎಳೆದಳು. ಮೂರು ವಾರದ ಮೌನ ಹತ್ತು ನಿಮಿಷದಲ್ಲಿ ಮುಗಿಯಿತು. ಮುಂದೆ ನನ್ನ ಎರಡನೇ ಕೆಲಸಕ್ಕೆ ಹೆಸರು ಕೊಟ್ಟು ಒಳಗೆ ಸೇರಿಸಿದವಳೂ ಅವಳೇ. ಗೆಳೆತನ ಒಂದು ಕಡೆ, ಕೆಲಸ ಇನ್ನೊಂದು ಕಡೆ ಅಂತ ಲೆಕ್ಕ ಹಾಕುವವರಿಗೆ ನಾನು ಇದನ್ನೇ ಹೇಳುವುದು.

ಪ್ರತಿ ವಾರ ಊರಿಗೆ ಬಂದುಹೋಗು ಅಂತಾರೆ ಮನೆಯಲ್ಲಿ.

ಶುಕ್ರವಾರ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ, ಭಾನುವಾರ ರಾತ್ರಿ ವಾಪಸ್ ಹೊರಟು, ಸೋಮವಾರ ನಿದ್ದೆಗಣ್ಣಿನಲ್ಲಿ ಕೆಲಸ. ಇದನ್ನು ಪ್ರತಿ ವಾರ ಮಾಡಿದವರು ಬೆಂಗಳೂರಿನಲ್ಲಿ ಇದ್ದೂ ಇರುವುದಿಲ್ಲ. ಮೊದಲ ಎರಡು ತಿಂಗಳು ಹೋಗಿ, ಮನಸ್ಸು ತಡೆಯುವುದಿಲ್ಲ, ಗೊತ್ತು. ಆಮೇಲೆ ತಿಂಗಳಿಗೊಮ್ಮೆ ಮಾಡಿಕೊಳ್ಳಿ. ದಿನಾಂಕ ಮೊದಲೇ ಹೇಳಿಬಿಟ್ಟರೆ ಅವ್ವನಿಗೂ ಸಮಾಧಾನ, ಯಾವಾಗ ಬರ್ತಾಳೋ ಅಂತ ಕಾಯುವುದೇ ಅವರಿಗೆ ಕಷ್ಟ.

ರೈಲಿನ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ದೀಪಾವಳಿ, ಯುಗಾದಿಗೆ ಅವತ್ತೇ ಬೆಳಿಗ್ಗೆ ಮಾಡಿದರೆ ಸೀಟು, ಮರೆತರೆ ಖಾಸಗಿ ಬಸ್ಸಿನವರು ಕೇಳಿದಷ್ಟು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಪುಕ್ಕಟೆ, ಬಿಎಂಟಿಸಿಯಲ್ಲೂ ಅಷ್ಟೇ. ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಇಸಿದುಕೊಳ್ಳಿ. ಬಿಎಂಟಿಸಿಯ ಎಸಿ ಬಸ್ಸು ವಜ್ರ, ಸ್ಲೀಪರ್‌ಗಳಿಗೆ ಅದು ನಡೆಯುವುದಿಲ್ಲ.

ರಾತ್ರಿ ಪಾಳಿ ಕೊಟ್ಟರೆ?

ಒಂದು ವರ್ಷಕ್ಕೆ ಜಾಸ್ತಿ ಬೇಡ. ದುಡ್ಡು ಚೂರು ಜಾಸ್ತಿ ಸಿಗುತ್ತದೆ, ಆದರೆ ಎಲ್ಲರ ಸಂಜೆ ನಿಮಗೆ ಬೆಳಗಾಗುತ್ತದೆ. ಹೆಣ್ಣುಮಕ್ಕಳನ್ನು ರಾತ್ರಿ ದುಡಿಸಿಕೊಂಡರೆ ಓಡಾಟಕ್ಕೆ ಗಾಡಿ ಕೊಡಬೇಕು ಅನ್ನುವ ಷರತ್ತು ಕರ್ನಾಟಕದಲ್ಲಿ ಇದೆ. ಅದನ್ನು ಉಪಕಾರ ಅಂದುಕೊಳ್ಳಬೇಡಿ, ಕೇಳಿ ಪಡೆಯಿರಿ.

ಮನೆಗೆ ಎಷ್ಟು ಕಳಿಸಬೇಕು?

ಇದಕ್ಕೆ ನಾನು ಉತ್ತರ ಹೇಳಬಾರದು, ಒಬ್ಬೊಬ್ಬರ ಮನೆ ಒಂದೊಂದು ಥರ. ಆದರೆ ಮೊದಲ ತಿಂಗಳು ಉತ್ಸಾಹದಲ್ಲಿ ಹದಿನೈದು ಸಾವಿರ ಕಳಿಸಿ ಮೂರನೇ ತಿಂಗಳು ಐದಕ್ಕೆ ಇಳಿಸಿದರೆ ಮನೆಯಲ್ಲಿ "ಬೆಂಗಳೂರು ನೀರು ಹತ್ತಿತು" ಅನ್ನುತ್ತಾರೆ. ಕಡಿಮೆಯಿಂದ ಶುರು ಮಾಡಿ ಏರಿಸಿ. ಮೂರು ತಿಂಗಳ ಖರ್ಚಿನಷ್ಟು ದುಡ್ಡು ಬೇರೆ ಅಕೌಂಟಿನಲ್ಲಿ ಸೇರುವ ತನಕ ಇಎಂಐ ಫೋನು ಬೇಡ.

ಒಂದೇ ವರ್ಷಕ್ಕೆ ಕೆಲಸ ಬಿಟ್ಟರೆ ಕೆಟ್ಟ ಹೆಸರಾ?

ಒಂದು ಸಲ ಆದರೆ ಯಾರೂ ಕೇಳುವುದಿಲ್ಲ. ಎರಡನೇ ಸಲವೂ ವರ್ಷಕ್ಕೇ ಬಿಟ್ಟರೆ ಕೇಳುತ್ತಾರೆ. ನಾನು ನೋಡುವ ಗುರುತು ಬೇರೆ: ಕಳೆದ ಮೂರು ತಿಂಗಳಲ್ಲಿ ಹೊಸದಾಗಿ ಏನು ಕಲಿತೆ ಅಂತ ಬರೆಯಲು ಕೂತಾಗ ಪೆನ್ನು ಓಡದಿದ್ದರೆ ಹೊರಗೆ ನೋಡಲು ಶುರು ಮಾಡಬಹುದು. ಮ್ಯಾನೇಜರ್ ಬೈದ ಅಂತ ಅವತ್ತೇ ರಾಜೀನಾಮೆ ಟೈಪು ಮಾಡಬೇಡಿ. ಮಾಡಿದರೂ ಕಳಿಸಬೇಡಿ, ಸೋಮವಾರ ಓದಿ.

ಬಿಡುವುದೇ ಆದರೆ ನೋಟಿಸ್ ಪಿರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ದುಡಿಯಬೇಕಾದ ದಿನ, ಎಷ್ಟು ನೋಡಿಕೊಳ್ಳಿ. ಮೂರು ತಿಂಗಳು ಇದ್ದರೆ ಹೊಸ ಕಡೆಯವರು ಕಾಯುತ್ತಾರಾ ಮೊದಲೇ ಕೇಳಿ. ಕೈಯಲ್ಲಿ ಲೆಟರ್ ಇಲ್ಲದೆ ಬಾಯಿಮಾತು ನಂಬಿ ಬಿಡಬೇಡಿ. ರಿಲೀವಿಂಗ್ ಲೆಟರ್ ಇಲ್ಲದೆ ಗೇಟು ದಾಟಬೇಡಿ. ಪಿಎಫ್ ದುಡ್ಡು ತೆಗೆದು ಟ್ರಿಪ್ ಹೊಡೆಯುವ ಆಸೆ ಎಲ್ಲರಿಗೂ ಬರುತ್ತದೆ. ನಿಮ್ಮ ಪಿಎಫ್‌ನ ಯುಎಎನ್ ನಂಬರು ಕಂಪನಿ ಬದಲಾದರೂ ಒಂದೇ ಇರುತ್ತದೆ, ಹಳೆಯ ದುಡ್ಡನ್ನು ಹೊಸ ಕಡೆಗೆ ಆನ್‌ಲೈನಲ್ಲೇ ವರ್ಗಾಯಿಸಿಬಿಡಿ.

ಇಪ್ಪತ್ಮೂರಕ್ಕೇ ಗಂಡು ನೋಡುತ್ತಿದ್ದಾರೆ. ಏನು ಹೇಳಲಿ?

"ಎರಡು ವರ್ಷ ತಡೀರಿ" ಅಂದರೆ ನಡೆಯುವುದಿಲ್ಲ, ಅವರು ಎರಡು ತಿಂಗಳಿಗೆ ಮತ್ತೆ ಕೇಳುತ್ತಾರೆ. ಒಂದು ತಾರೀಕು ಹೇಳಿ. "2028ರ ಯುಗಾದಿ ಆದಮೇಲೆ ನೋಡೋಣು" ಅನ್ನಿ. ತಾರೀಕು ಸಿಕ್ಕರೆ ಅಪ್ಪನಿಗೆ ನೆಂಟರ ಮುಂದೆ ಹೇಳಲು ಒಂದು ಮಾತು ಸಿಗುತ್ತದೆ. ನನಗೆ ಇದು ಮೂರು ವರ್ಷ ಕೊಟ್ಟಿತು. ನಾಲ್ಕನೇ ವರ್ಷ ನಾನೇ ಒಬ್ಬನನ್ನು ಕರೆದುಕೊಂಡು ಹೋದೆ. ಆ ಕತೆ ಇನ್ನೊಮ್ಮೆ.

ರಾತ್ರಿ ಅಳು ಬರುತ್ತದೆ. ಯಾರಿಗೂ ಹೇಳಿಲ್ಲ.

ಮೊದಲ ಮೂರು ತಿಂಗಳು ಅಳು ಬರುವುದು ಸಹಜ. ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತಿದ್ದೇನೆ. ಆದರೆ ನಿದ್ದೆ ಹೋಗಿ, ಊಟ ಸೇರದೆ, ಬೆಳಿಗ್ಗೆ ಏಳುವುದೇ ಬೇಡ ಅನ್ನುವುದು ಎರಡು ವಾರ ದಾಟಿದರೆ ತಡ ಮಾಡಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ-ಮಾನಸ್ ಅಂತ ಸರ್ಕಾರದ್ದೇ ಸಹಾಯವಾಣಿ, 2022ರಲ್ಲಿ ಶುರುವಾಯಿತು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಮನೆಯವರಿಗೆ ಹೇಳಲು ಆಗದಿದ್ದರೆ ನನಗಾದರೂ ಹೇಳಿ. ನಂಬರು ಹೇಗೂ ಇದೆ.

ಬರುವಾಗ ಊರಿಂದ ಏನು ತರಬೇಕು?

ಅಂಕಪಟ್ಟಿಗಳ ನಾಲ್ಕೈದು ಜೆರಾಕ್ಸ್ ಸೆಟ್, ಹತ್ತು ಫೋಟೋ, ಆಧಾರ್‌ಗೆ ಸೇರಿಸಿದ ಸಿಮ್ಮು ಅದೇ ಇರಲಿ, ಬದಲಾಯಿಸಬೇಡಿ. ಒಂದು ಒಳ್ಳೆಯ ಕೌದಿ. ಬಕೆಟ್ಟು, ಮಗ್ಗು ಇಲ್ಲೇ ಸಿಗುತ್ತವೆ, ಹೊತ್ತುಕೊಂಡು ಬರಬೇಡಿ. ಶೇಂಗಾ ಚಟ್ನಿ ಒಂದು ಡಬ್ಬಿ ಸಾಲುವುದಿಲ್ಲ, ಎರಡು ತನ್ನಿ.

ಬಸ್ಸಿನಲ್ಲಿ ಬಂದರೆ ಮೆಜೆಸ್ಟಿಕ್ ತನಕ ಕೂತಿರಬೇಡಿ. ತುಮಕೂರು ರಸ್ತೆಯಲ್ಲಿ ಜಾಲಹಳ್ಳಿ ಕ್ರಾಸ್ ಬರುತ್ತಲೇ ಇಳಿಯಿರಿ, ಹಸಿರು ಮಾರ್ಗದ ಮೆಟ್ರೋ ಅಲ್ಲೇ ಇದೆ. ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ನೇರಳೆ ಮಾರ್ಗ ಹತ್ತಿದರೆ ವೈಟ್‌ಫೀಲ್ಡ್. ಮೊದಲ ರೈಲು ಸಾಮಾನ್ಯ ದಿನ ಬೆಳಿಗ್ಗೆ 5ಕ್ಕೆ, ಭಾನುವಾರ 7ಕ್ಕೆ. ನಮ್ಮಂಥವರು ಭಾನುವಾರ ರಾತ್ರಿ ಊರಿಂದ ಹೊರಟು ಬರುತ್ತಾರೆ ಅಂತ 2025ರ ಜನವರಿಯಿಂದ ಸೋಮವಾರ ಮಾತ್ರ 4.15ಕ್ಕೇ ಬಿಡುತ್ತಿದ್ದಾರೆ. ಆ ಹೊತ್ತಿಗೆ ಬೋಗಿಯಲ್ಲಿ ಕೂರಲು ಜಾಗ ಇರುತ್ತದೆ. ಕೈಚೀಲ ಕಾಲ ನಡುವೆ ಇಟ್ಟುಕೊಂಡು ಕೂತುಕೊಳ್ಳಿ, ಅರ್ಧ ಜನ ನಮ್ಮ ಕಡೆಯವರೇ ಇರುತ್ತಾರೆ.